82½ ಡಿಗ್ರಿ ರೇಖೆಯ ಹಿಂದಿನ ಜಗಳ

ಏಪ್ರಿಲ್ ಮಧ್ಯದ ಹೊತ್ತಿಗೆ ಮಕ್ಕಳಿಗೆ ರಜೆ, ಬಿಸಿಲಿಗೂ ಬರವಿಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಅಂಗಳದಲ್ಲೋ ತಾರಸಿಯಲ್ಲೋ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಲಿ. ನೆರಳು ತೀರಾ ಚಿಕ್ಕದಾಗುವುದು ಗಡಿಯಾರ 12 ಹೊಡೆದಾಗ ಅಲ್ಲ, ಸುಮಾರು 12.20ಕ್ಕೆ. ಅದೇ ದಿನ ಮಂಗಳೂರಿನಲ್ಲಿ ನೋಡಿದರೆ 12.31 ಆಗಿರುತ್ತದೆ. ಕಾರವಾರದಲ್ಲಿ ಇನ್ನೂ ಎರಡು ಮೂರು ನಿಮಿಷ ತಡ.

ಗಡಿಯಾರ ಕೆಟ್ಟಿಲ್ಲ. ಸೂರ್ಯ ನೆತ್ತಿಯ ಸಾಲಿಗೆ ಬರುವ ಹೊತ್ತು ಊರಿಂದ ಊರಿಗೆ ಬೇರೆ. ಅದನ್ನೇ ಪಾಠದಲ್ಲಿ ಸ್ಥಾನಿಕ ವೇಳೆ ಎನ್ನುತ್ತೇವೆ. ಗಡಿಯಾರ ತೋರಿಸುವುದು ಇಡೀ ದೇಶಕ್ಕೆ ಒಂದೇ ಆದ ಆದರ್ಶ ವೇಳೆ. ಅದು ಲೆಕ್ಕಕ್ಕೆ ಹಿಡಿದಿರುವುದು ಬೆಂಗಳೂರನ್ನಲ್ಲ, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶವನ್ನು.

ಲೆಕ್ಕ ಸುಲಭ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಬೆಂಗಳೂರು ಇರುವುದು 77.6 ಡಿಗ್ರಿಯಲ್ಲಿ. 82½ಕ್ಕಿಂತ 4.9 ಡಿಗ್ರಿ ಪಶ್ಚಿಮಕ್ಕೆ. ನಾಲ್ಕರಿಂದ ಗುಣಿಸಿದರೆ ಹತ್ತಿರ ಹತ್ತಿರ 20 ನಿಮಿಷ. ಈ ಪ್ರಯೋಗಕ್ಕೆ ಏಪ್ರಿಲ್ ಮಧ್ಯವೇ ಬೇಕು ಅನ್ನುವುದಕ್ಕೂ ಕಾರಣವಿದೆ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಅದರ ಅಕ್ಷವೂ ಓರೆ. ಹಾಗಾಗಿ ವರ್ಷದ ಬೇರೆ ದಿನಗಳಲ್ಲಿ ಸೂರ್ಯನ ಮಧ್ಯಾಹ್ನ ಕಾಲು ಗಂಟೆಯಷ್ಟು ಹಿಂದೆ ಮುಂದೆ ಆಗಬಹುದು. ಏಪ್ರಿಲ್ 15ರ ಆಸುಪಾಸಿನಲ್ಲಿ ಈ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ.

ಅಕ್ಷಾಂಶ, ರೇಖಾಂಶ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಸಿಬಿಡುತ್ತೇವೆ. ಆದರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಅಕ್ಷಾಂಶದ ಸೊನ್ನೆಯನ್ನು ಯಾರೂ ಆರಿಸಬೇಕಿಲ್ಲ. ಭೂಮಿ ತಿರುಗುವುದರಿಂದಲೇ ಎರಡು ಧ್ರುವಗಳು ಸಿಗುತ್ತವೆ, ಅವುಗಳ ನಟ್ಟನಡುವೆ ಸಮಭಾಜಕ ವೃತ್ತ. ರೇಖಾಂಶಕ್ಕೆ ಅಂಥ ಆಸರೆ ಇಲ್ಲ. ಉತ್ತರದಿಂದ ದಕ್ಷಿಣಕ್ಕೆ ಎಳೆದ ಗೆರೆಗಳೆಲ್ಲ ಒಂದೇ ಥರ. ಯಾವುದನ್ನು ಸೊನ್ನೆ ಅನ್ನಬೇಕು ಎಂದು ಮನುಷ್ಯರೇ ಕೂತು ತೀರ್ಮಾನಿಸಬೇಕು. ತೀರ್ಮಾನ ಅಂದಮೇಲೆ ಜಗಳವೂ ಇದ್ದದ್ದೇ. ಈ ಜಗಳವನ್ನು ಬಿಟ್ಟು ಸುಮ್ನೆ '82½' ಎಂದು ಬಾಯಿಪಾಠ ಮಾಡಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನನಗನ್ನಿಸುತ್ತದೆ.

ನಮ್ಮ ಹಳೆಯ ಜ್ಯೋತಿಷಿಗಳಿಗೆ ಸೊನ್ನೆಯ ಗೆರೆ ಉಜ್ಜಯಿನಿಯ ಮೇಲೆ ಹಾದುಹೋಗುತ್ತಿತ್ತು. 'ಸೂರ್ಯಸಿದ್ಧಾಂತ' ಆ ಗೆರೆಯನ್ನು ಲಂಕೆಯಿಂದ ಕುರುಕ್ಷೇತ್ರದ ಕಡೆಗೆ ಎಳೆಯುತ್ತದೆ. ಗ್ರೀಕರ ಟಾಲೆಮಿ ತನಗೆ ಗೊತ್ತಿದ್ದ ಲೋಕದ ಪಶ್ಚಿಮದ ಅಂಚಿನಲ್ಲಿದ್ದ ದ್ವೀಪಗಳಿಂದ ಎಣಿಕೆ ಶುರುಮಾಡಿದ್ದ. ಫ್ರೆಂಚರಿಗೆ ಪ್ಯಾರಿಸ್, ಇಂಗ್ಲಿಷರಿಗೆ ಗ್ರೀನ್‌ವಿಚ್. ಅವರವರ ನಕ್ಷೆ ಅವರವರಿಗೆ.

ಸೊನ್ನೆಯನ್ನು ಆರಿಸಿಕೊಂಡರೂ ಅಳೆಯುವ ಕಷ್ಟ ಉಳಿಯುತ್ತದೆ. ಅಕ್ಷಾಂಶ ಬೇಕೆಂದರೆ ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿದೆ ನೋಡಿದರಾಯಿತು. ರೇಖಾಂಶಕ್ಕೆ ಎರಡು ಊರಿನ ವೇಳೆ ಒಟ್ಟಿಗೇ ಗೊತ್ತಾಗಬೇಕು. ಹಡಗಿನಲ್ಲಿ ಅದು ಆಗುತ್ತಿರಲಿಲ್ಲ, ಅಲ್ವಾ? ಲೋಲಕದ ಗಡಿಯಾರ ಅಲೆಯ ಹೊಯ್ದಾಟಕ್ಕೆ ಕೆಡುತ್ತಿತ್ತು. ಬ್ರಿಟಿಷ್ ಸಂಸತ್ತು 1714ರಲ್ಲಿ ಇದಕ್ಕೆ ದಾರಿ ತೋರಿಸಿದವರಿಗೆ 20,000 ಪೌಂಡ್‌ವರೆಗೆ ಬಹುಮಾನ ಕೊಡುವುದಾಗಿ ಕಾನೂನೇ ಮಾಡಿತು. ಬಡಗಿಯ ಮಗ ಜಾನ್ ಹ್ಯಾರಿಸನ್ ದಶಕಗಟ್ಟಲೆ ಕೂತು, ಅಲೆಗೆ ಜಗ್ಗದ ಗಡಿಯಾರ ಕಟ್ಟಿದ. 1761ರಲ್ಲಿ ಅದು ಜಮೈಕಾಕ್ಕೆ ಹೊರಟು ಪರೀಕ್ಷೆ ಗೆದ್ದಿತು.

ನೆಲದ ಮೇಲೂ ತಪ್ಪುಗಳು ಕಮ್ಮಿ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಸರ್ವೆಗೆ ಇಳಿದ. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಎಳೆದು ಆಧಾರ ರೇಖೆ ಅಳೆದ. ಮುಂದೆ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಮದ್ರಾಸಿನ ಕರಾವಳಿಯಿಂದ ಮಂಗಳೂರಿನವರೆಗೆ ಬಂದಾಗ ಗೊತ್ತಾಗಿದ್ದು ಇದು: ಅಂದಿನ ಒಳ್ಳೆಯ ನಕ್ಷೆಗಳಲ್ಲಿ ಪರ್ಯಾಯ ದ್ವೀಪದ ಅಗಲ 400 ಮೈಲಿಯಷ್ಟಿತ್ತು, ನಿಜಕ್ಕೂ ಇದ್ದದ್ದು ಸುಮಾರು 360. ನಲವತ್ತು ಮೈಲಿ ನೆಲ ಬರೀ ಕಾಗದದ ಮೇಲಿತ್ತು!

ರೈಲು ಬರುವವರೆಗೆ ಊರೂರಿಗೊಂದು ವೇಳೆ ಇದ್ದರೂ ಯಾರಿಗೂ ತೊಂದರೆ ಇರಲಿಲ್ಲ. ರೈಲು ಬಂದಮೇಲೆ ಪ್ರತಿ ಸ್ಟೇಷನ್ನಿಗೆ ಬೇರೆ ಗಡಿಯಾರ ಇಟ್ಟುಕೊಂಡು ಟೈಂಟೇಬಲ್ ಮಾಡುವುದು ಹೇಗೆ? ಬಾಂಬೆ ವೇಳೆ ಗ್ರೀನ್‌ವಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿತ್ತು, ಕಲ್ಕತ್ತಾ ವೇಳೆ 5 ಗಂಟೆ 53 ನಿಮಿಷ. ಎರಡರ ನಡುವೆ ಇದ್ದದ್ದು ಮದ್ರಾಸ್, 5 ಗಂಟೆ 21 ನಿಮಿಷ. ಅಲ್ಲಿನ ವೀಕ್ಷಣಾಲಯದಲ್ಲಿ ವೇಳೆಯನ್ನು ಖಚಿತವಾಗಿ ಅಳೆಯುತ್ತಿದ್ದರು. ಹಾಗಾಗಿ ರೈಲ್ವೆಯವರು ಮದ್ರಾಸ್ ವೇಳೆಯನ್ನೇ ಹಿಡಿದರು. 1881ರಲ್ಲಿ ಬಾಂಬೆ ಗವರ್ನರ್ ಜೇಮ್ಸ್ ಫರ್ಗುಸನ್ ನಗರಕ್ಕೂ ಅದನ್ನೇ ತರಲು ಹೋದ. ಜನ ಒಪ್ಪಲಿಲ್ಲ, ಆದೇಶ ಹಿಂದೆ ಸರಿಯಿತು.

ಜಗತ್ತಿನ ಮಟ್ಟದಲ್ಲಿ ಸೊನ್ನೆಯ ಗೆರೆ ನಿಂತದ್ದು 1884ರ ಅಕ್ಟೋಬರಿನಲ್ಲಿ, ವಾಷಿಂಗ್ಟನ್ ಸಮ್ಮೇಳನದಲ್ಲಿ. ಬಂದಿದ್ದ 25 ದೇಶಗಳಲ್ಲಿ 22 ಗ್ರೀನ್‌ವಿಚ್‌ಗೆ ಮತ ಹಾಕಿದವು. ಆಗಲೇ ಜಗತ್ತಿನ ಬಹುಪಾಲು ಹಡಗುಗಳು ಗ್ರೀನ್‌ವಿಚ್ ಆಧರಿಸಿದ ನಕ್ಷೆಗಳನ್ನು ಬಳಸುತ್ತಿದ್ದವು. ಫ್ರಾನ್ಸ್ ಮತ ಹಾಕದೆ ಉಳಿಯಿತು, 1911ರವರೆಗೆ ಪ್ಯಾರಿಸ್ ವೇಳೆಯನ್ನೇ ನಡೆಸಿತು. ಭಾರತದ ಮಾತು ಅಲ್ಲಿ ಕೇಳುವವರಿರಲಿಲ್ಲ. ನಾವು ಆಗ ಬ್ರಿಟಿಷರ ಕೈಯಲ್ಲಿದ್ದೆವು.

1906ರ ಜನವರಿ 1ರಿಂದ ಭಾರತಕ್ಕೆ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿನ ಒಂದೇ ವೇಳೆ ಬಂತು. ದೇಶದ ಪಶ್ಚಿಮದ ತುದಿ 68 ಡಿಗ್ರಿ, ಪೂರ್ವದ ತುದಿ 97. 82½ ಎರಡರ ಮಧ್ಯಕ್ಕೆ ಬರುತ್ತದೆ, 15ರಿಂದ ಭಾಗಿಸಿದರೆ ಸರಿಯಾಗಿ ಐದೂವರೆ. ಲೆಕ್ಕದ ದೃಷ್ಟಿಯಿಂದ ಜಾಣ ಆಯ್ಕೆಯೇ. ಆದರೆ ಅದು ಬಂಗಾಳವನ್ನು ಒಡೆದ ಸರ್ಕಾರ ಆಗಷ್ಟೇ ಹೇರಿದ ವೇಳೆ. ಬಾಂಬೆಯಲ್ಲಿ ಗಡಿಯಾರವನ್ನು 39 ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು. ಬೆಳಗ್ಗೆ ಮುಂಚೆ ಏಳಬೇಕಾದ ಗಿರಣಿ ಕಾರ್ಮಿಕರು ಪ್ರತಿಭಟಿಸಿದರು, ನಗರಸಭೆ ಅದೇ ವರ್ಷ ಹಳೆಯ ವೇಳೆಗೆ ಮರಳಿತು. ಒಂದೇ ಊರಿನಲ್ಲಿ ರೈಲಿಗೊಂದು, ನಗರಸಭೆಗೊಂದು ವೇಳೆ. ಕಲ್ಕತ್ತಾ ವೇಳೆ 1948ರವರೆಗೆ ಉಳಿಯಿತು, ಬಾಂಬೆಯದು ಸ್ವಾತಂತ್ರ್ಯ ಬಂದಮೇಲೂ ಕೆಲವು ವರ್ಷ ನಡೆಯಿತು. ನಡುವೆ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಇಡೀ ದೇಶದ ಗಡಿಯಾರ ಒಂದು ಗಂಟೆ ಮುಂದೆ ಓಡಿದ್ದೂ ಉಂಟು.

ಈಗಿನ ತಕರಾರು ಈಶಾನ್ಯದ್ದು. ದೇಶದ ಎರಡು ತುದಿಗಳ ನಡುವೆ 29 ಡಿಗ್ರಿ ಅಂತರವಿದೆ, ಅಂದರೆ ಸೂರ್ಯನ ಲೆಕ್ಕದಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ. ದ್ವಾರಕೆಯ ನೆರಳು ಚಿಕ್ಕದಾಗುವುದು 12.54ರ ಹೊತ್ತಿಗೆ, ಕೊಹಿಮಾದಲ್ಲಿ 11.14ಕ್ಕೇ. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೆ ಸೂರ್ಯ ಮುಳುಗುತ್ತದೆ. ಆಫೀಸು, ಶಾಲೆ ಮಾತ್ರ ದೆಹಲಿಯ ಗಡಿಯಾರದಂತೆ. ಅಸ್ಸಾಮಿನ ಚಹಾ ತೋಟಗಳು ಬ್ರಿಟಿಷರ ಕಾಲದಿಂದಲೂ ಒಂದು ಗಂಟೆ ಮುಂದಿನ 'ಬಾಗಾನ್ ಟೈಮ್' ಇಟ್ಟುಕೊಂಡಿವೆ. ಪಕ್ಕದ ನೇಪಾಳ ತನ್ನದೇ ರೇಖಾಂಶ ಹಿಡಿದು 1986ರಲ್ಲಿ ನಮಗಿಂತ ಕಾಲು ಗಂಟೆ ಮುಂದೆ ಹೋಯಿತು.

ನಮ್ಮ ದೇಶದ ವೇಳೆಯನ್ನು ಪರಮಾಣು ಗಡಿಯಾರಗಳಲ್ಲಿ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ. ಅಲ್ಲಿನ ವಿಜ್ಞಾನಿಗಳೇ 2018ರಲ್ಲಿ ಈಶಾನ್ಯಕ್ಕೆ ಒಂದು ಗಂಟೆ ಮುಂದಿನ ಎರಡನೇ ವೇಳೆ ಕೊಡಬಹುದು ಎಂದು ಬರೆದರು. ಗಡಿರೇಖೆಗೆ ಅವರು ಆರಿಸಿದ್ದು ಬಂಗಾಳ, ಅಸ್ಸಾಂ ನಡುವಿನ ಕಿರಿದಾದ ಪಟ್ಟಿ. ಅಲ್ಲಿ ರೈಲು ಹಳಿಗಳು ಕಮ್ಮಿ, ಗಡಿಯಾರ ಬದಲಿಸುವ ಜಾಗಗಳೂ ಕಮ್ಮಿ. ಸರ್ಕಾರ ಇನ್ನೂ ಒಪ್ಪಿಲ್ಲ. ಒಂದೇ ಹಳಿಯ ಮೇಲೆ ಎರಡು ವೇಳೆ ಬಂದರೆ ಅಪಘಾತವಾದೀತು ಎನ್ನುವ ಭಯ ಸುಳ್ಳಲ್ಲ. ಆದರೂ ಸಂಜೆಯ ಬೆಳಕನ್ನು ದಿನಾ ಕಳೆದುಕೊಳ್ಳುತ್ತಿರುವವರು ಈಶಾನ್ಯದ ಜನ. ನನ್ನ ಮಟ್ಟಿಗೆ ಅವರ ಬೇಡಿಕೆಯೇ ನ್ಯಾಯವಾದದ್ದು. ಮುಂದಿನ ಸಲ ತರಗತಿಯಲ್ಲಿ 82½ರ ಪಾಠ ಬಂದಾಗ ಶಿಕ್ಷಕರು ಕೊಹಿಮಾದ ಆ 11.14ನ್ನೂ ಬೋರ್ಡಿನ ಮೇಲೆ ಬರೆಯಲಿ, ಎರಡನೇ ವೇಳೆ ಬೇಕೋ ಬೇಡವೋ ಎಂದು ಮಕ್ಕಳೇ ವಾದ ಮಾಡಲಿ.