ಹಿರಿಯ ಸಿಸ್ಟರ್ ಹ್ಯಾಂಡೋವರ್ ಸರಿಯಾಗಿ ಕೊಡುತ್ತಿಲ್ಲ, ಕೆಲಸ ಬಿಡಲಾ?

ಪ್ರಶ್ನೆ: ಅಕ್ಕಾ, ನಾನು ಬೆಳಗಾವಿಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ, ಐಸಿಯುನಲ್ಲಿ ಎರಡು ವರ್ಷ ದುಡಿದು, ಆಮೇಲೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ (ಗಂಭೀರ ರೋಗಿಗಳ ಆರೈಕೆಯಲ್ಲಿ ನರ್ಸ್‌ಗೆ ಹೆಚ್ಚಿನ ಜವಾಬ್ದಾರಿ ಕಲಿಸುವ ಕೋರ್ಸ್) ಮಾಡಿದೆ. ಪುಣೆಯ ಒಂದು ಆಸ್ಪತ್ರೆಗೆ ಸೇರಿ ಮೂರು ತಿಂಗಳಾಯ್ತು. ಹಿರಿಯ ಸಿಸ್ಟರ್‌ಗಳು 'ಅರ್ಧ ಡಾಕ್ಟರ್ ಬಂದಳು' ಅನ್ನುತ್ತಾರೆ. ಶಿಫ್ಟ್ ಬದಲಾಗುವಾಗ ಪೇಷಂಟಿನ ವಿವರ ಒಪ್ಪಿಸುವ ಹ್ಯಾಂಡೋವರ್ ಅರ್ಧಂಬರ್ಧ ಕೊಡುತ್ತಾರೆ. ರೆಸಿಡೆಂಟ್ ಡಾಕ್ಟರ್ ನನ್ನ ಮಾತು ಕಿವಿಗೇ ಹಾಕಿಕೊಳ್ಳುವುದಿಲ್ಲ. ಕೆಲಸ ಬಿಟ್ಟುಬಿಡಲಾ?

ಉತ್ತರ: ಈಗಲೇ ಬಿಡಬೇಡಿ. ಪುಣೆ, ಮುಂಬೈಯ ಐಸಿಯುಗಳಲ್ಲಿರುವ ನಮ್ಮ ಹುಡುಗಿಯರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಎಲ್ಲರಿಗೂ ನಾನು ಮೊದಲು ಹೇಳುವುದು ಇಷ್ಟೇ: ಅವರ ಸಿಟ್ಟು ನಿಮ್ಮ ಮೇಲಿದೆಯೋ, ನಿಮ್ಮ ಹುದ್ದೆಯ ಮೇಲಿದೆಯೋ, ನೋಡಿಕೊಳ್ಳಿ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಈ 2 ವರ್ಷದ ರೆಸಿಡೆನ್ಸಿ ಕೋರ್ಸ್ ಶುರುವಾಗಿ ಜಾಸ್ತಿ ಕಾಲವಾಗಿಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಈ ಹೆಸರಿನ ಹುದ್ದೆಯೇ ಇಲ್ಲ. ಇತ್ತ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮಾಡಿ 20 ವರ್ಷ ಅದೇ ವಾರ್ಡಿನಲ್ಲಿ ಸವೆದ ಸಿಸ್ಟರ್ ಇದ್ದಾರೆ. ಎಷ್ಟು ಹೊಸ ಡಾಕ್ಟರುಗಳಿಗೆ ಕೈಹಿಡಿದು ಕಲಿಸಿದ್ದಾರೋ! ಈಗ ನೀವು ಬಂದು ವೆಂಟಿಲೇಟರ್ ಬಗ್ಗೆ ಮಾತಾಡುತ್ತೀರಿ. ನೀವು ಅವರಿಗಿಂತ ಮೇಲೋ ಕೆಳಗೋ, ಅದನ್ನು ಅವರಿಗೆ ಯಾರೂ ಹೇಳಿಲ್ಲ. ಅವರಿಗೆ ನೋವಾಗುವುದು ಸಹಜ, ಅಲ್ವಾ?

ಆದ್ದರಿಂದ ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ. ದೂರು ಹೇಳಲು ಅಲ್ಲ, ನಿಮ್ಮ ಕೆಲಸ ಏನು ಅನ್ನುವುದನ್ನು ಕಾಗದದಲ್ಲಿ ಕೇಳಲು. ನರ್ಸ್ ಪ್ರಾಕ್ಟಿಷನರ್ ಮನಸ್ಸಿಗೆ ಬಂದ ಹಾಗೆ ಔಷಧ ಕೊಡುವವಳಲ್ಲ. ಆಸ್ಪತ್ರೆ ಒಪ್ಪಿದ ಪ್ರೊಟೊಕಾಲ್ ಮತ್ತು, ಯಾವಾಗ ಏನು ಮಾಡಬಹುದೆಂದು ಮೊದಲೇ ಬರೆದಿಟ್ಟ ಸ್ಟ್ಯಾಂಡಿಂಗ್ ಆರ್ಡರ್‌ಗಳ ಒಳಗೇ ಅವಳ ಕೆಲಸ. ನಾನು ಯಾವ ಔಷಧ ಶುರುಮಾಡಬಹುದು? ವೆಂಟಿಲೇಟರ್ ಸೆಟ್ಟಿಂಗ್ ಮುಟ್ಟಬಹುದಾ? ನಾನು ಯಾರಿಗೆ ಉತ್ತರ ಕೊಡಬೇಕು? ಇದು ಒಂದು ಹಾಳೆಯಲ್ಲಿ ಬರೆದು ಐಸಿಯುಗೆ ಬಂದರೆ ಸಿಸ್ಟರ್‌ಗಳ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಕರ್ನಾಟಕದ ನಿಮ್ಮ ನೋಂದಣಿಯ ಜೊತೆಗೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿ ಆಗಿದೆಯೋ ಇಲ್ಲವೋ, ಅದನ್ನೂ ನೋಡಿಕೊಳ್ಳಿ.

ಇನ್ನು ಹ್ಯಾಂಡೋವರ್. ಇದರಲ್ಲಿ ಮಾತ್ರ ಸಂಕೋಚ ಬೇಡ, ಏಕೆಂದರೆ ಇಲ್ಲಿ ನಷ್ಟವಾಗುವುದು ಪೇಷಂಟಿಗೆ. ನಾನು ಮುಂಬೈಗೆ ಹೊಸದಾಗಿ ಬಂದಾಗ ಒಬ್ಬ ಹಿರಿಯ ಸಿಸ್ಟರ್ ಇನ್ಸುಲಿನ್ ಇನ್ಫ್ಯೂಷನ್ ರೇಟ್ ಬದಲಾಗಿದ್ದನ್ನು ನನಗೆ ಹೇಳಲಿಲ್ಲ. ಪೇಷಂಟ್‌ನ ಶುಗರ್ ಇಳಿಯಿತು. ಬೇಗ ಗೊತ್ತಾಯಿತು, ಉಳಿದರು. ಮರುದಿನ ನಾನು ಎಲ್ಲರೆದುರೇ ಅವರನ್ನು ಕೇಳಿಬಿಟ್ಟೆ. ತಪ್ಪು ಮಾಡಿದೆ. ಆರು ತಿಂಗಳು ಅವರು ನನ್ನೊಡನೆ ಮಾತಾಡಲಿಲ್ಲ. ಮಾತಿಲ್ಲದ ಇಬ್ಬರು ನರ್ಸ್‌ಗಳ ನಡುವೆ ಪೇಷಂಟ್ ಇರುವುದು ಎಷ್ಟು ಅಪಾಯ ಅನ್ನುವುದು ನನಗೆ ಆಗ ಅರ್ಥವಾಯಿತು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಹ್ಯಾಂಡೋವರ್ ಕೌಂಟರಿನಲ್ಲಿ ನಿಂತು ತೆಗೆದುಕೊಳ್ಳಲಿಲ್ಲ, ಬೆಡ್ ಪಕ್ಕದಲ್ಲೇ ತೆಗೆದುಕೊಂಡೆ. 'ಸಿಸ್ಟರ್, ಒಂದು ಸಲ ಪಂಪ್ ಒಟ್ಟಿಗೇ ನೋಡೋಣ' ಎಂದು ರೇಟ್, ಲೈನ್, ಡ್ರಗ್ ಚಾರ್ಟ್ ಮೂರನ್ನೂ ಅವರಿರುವಾಗಲೇ ಓದಿಕೊಂಡೆ. ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ. ಸಿಟ್ಟಿದ್ದವರೂ ಪಂಪ್ ಮುಂದೆ ಸುಳ್ಳು ಹೇಳುವುದಿಲ್ಲ. ಬೇಸರದ ಮಾತು ಆಡಲೇಬೇಕಾದರೆ ಪ್ಯಾಂಟ್ರಿಯಲ್ಲಿ, ಇಬ್ಬರೇ ಇರುವಾಗ ಆಡಿ.

ಭಾಷೆಯೂ ಒಂದು ಗೋಡೆ. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಮಲಯಾಳಂ, ನಡುವೆ ನಾವು. ಮರಾಠಿ ಕಲಿಯಿರಿ, ಬೆಳಗಾವಿಯವರಿಗೆ ಅದು ಕಷ್ಟವಲ್ಲ. ಅಲ್ಲಿ 'ತಾಈ' ಎಂದರೆ ಅಕ್ಕ. ಹಿರಿಯರನ್ನು ಹಾಗೆ ಕರೆಯಿರಿ. ಕೆಲಸದ ಮಾಮಾ, ಮಾವಶಿಯವರನ್ನೂ (ವಾರ್ಡ್ ಬಾಯ್, ಆಯಾ) ಮಾತಾಡಿಸಿ. ವಾರ್ಡಿನ ಒಳಗುಟ್ಟು ಅವರಿಗೇ ಜಾಸ್ತಿ ಗೊತ್ತು.

ರೆಸಿಡೆಂಟ್ ಡಾಕ್ಟರ್ ವಿಷಯ ಬೇರೆ. ಮೂರು ವಾರ್ಡ್ ಓಡಾಡಿ ನಿದ್ದೆಗೆಟ್ಟವರಿಗೆ ಉದ್ದ ಕಥೆ ಹಿಡಿಸುವುದಿಲ್ಲ. ಎಸ್‌ಬಿಎಆರ್ ಕಲಿತಿದ್ದೀರಲ್ಲ (ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಮಾಡಬೇಕು, ಈ ಕ್ರಮದಲ್ಲಿ ಚಿಕ್ಕದಾಗಿ ಹೇಳುವುದು), ಅದನ್ನೇ ಬಳಸಿ: 'ನಾಲ್ಕನೇ ಬೆಡ್, ಬಿಪಿ 84/50. ಗಂಟೆಯ ಹಿಂದೆ 110/70 ಇತ್ತು. ಎರಡು ಗಂಟೆಯಲ್ಲಿ ಯೂರಿನ್ 20 ಎಂಎಲ್. ಸೆಪ್ಸಿಸ್ ಜಾಸ್ತಿಯಾಗುತ್ತಿದೆ ಅನ್ನಿಸುತ್ತದೆ. ಈಗಲೇ ಬಂದು ನೋಡಿ.' ಫೋನ್ ಮಾಡಿದ ಸಮಯವನ್ನು ಚಾರ್ಟಿನಲ್ಲಿ ಬರೆಯಿರಿ. ಬರದಿದ್ದರೆ ಕನ್ಸಲ್ಟೆಂಟ್‌ಗೆ ಫೋನ್ ಮಾಡಿ. ಅದು ಚಾಡಿಯಲ್ಲ.

ಒಂದು ಗೆರೆ ಮಾತ್ರ ಇದೆ. ಕೈ ಮುಟ್ಟುವುದು, ಕೊಳಕು ಮಾತು, ಬೆದರಿಕೆ, ಇವನ್ನು 'ಕಷ್ಟದ ಸಹೋದ್ಯೋಗಿ' ಅಂತ ಸಹಿಸಬೇಡಿ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ಬಂದಿದ್ದ ನರ್ಸ್ ಅರುಣಾ ಶಾನಭಾಗ್ ಮೇಲೆ 1973ರಲ್ಲಿ ಕೆಇಎಂ ಆಸ್ಪತ್ರೆಯೊಳಗೇ ಹಲ್ಲೆ ಮಾಡಿದವನು ಅದೇ ಆಸ್ಪತ್ರೆಯ ಕೆಲಸಗಾರ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, ಆ ಹಲ್ಲೆಯಿಂದ ಹಾಸಿಗೆ ಹಿಡಿದ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳೇ. ಅವರನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಲೈಂಗಿಕ ಕಿರುಕುಳದ ದೂರು ಕೇಳಲು 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. 2013ರ ಕಾನೂನು ಅದು. ಘಟನೆಯಾದ 3 ತಿಂಗಳೊಳಗೆ ಬರೆದು ಕೊಡಿ.

ಕೆಲಸ ಬಿಡುವ ಮಾತು ಆಮೇಲೆ. ನಿಮ್ಮ ಕೆಲಸ ಏನೆಂದು ಹೇಳುವ ಆ ಒಂದು ಹಾಳೆ ಬೇಕೆಂದು ಎರಡು ಸಲ ಪತ್ರ ಬರೆದು ಕೇಳಿ. ಆಗಲೂ ಕೊಡದೆ, ಹ್ಯಾಂಡೋವರ್ ಹೀಗೇ ಮುಂದುವರಿದರೆ, ಅನುಭವ ಪತ್ರ ತೆಗೆದುಕೊಂಡು ಬೇರೆ ಐಸಿಯು ನೋಡಿ. ಇಂಟರ್‌ವ್ಯೂನಲ್ಲಿ ಸಂಬಳ ಕೇಳುವ ಮೊದಲು ಸ್ಟ್ಯಾಂಡಿಂಗ್ ಆರ್ಡರ್ ಇದೆಯಾ ಎಂದು ಕೇಳಿ.