ಗೆರೆ ಒಂದೇ, ಹುಟ್ಟು ಬೇರೆ

ಹೋದ ವಾರ ಬಸವನಗುಡಿಯ ಅಜ್ಜಿಯೊಬ್ಬರು ಏಳು ಕಲ್ಲಿನ ವಜ್ರದ ಓಲೆ ತಂದಿದ್ದರು. ಜೊತೆಗೆ ಮೊಮ್ಮಗಳು, ಬೆರಳಲ್ಲಿ ಹೊಸ ಉಂಗುರ. ಎರಡನ್ನೂ ರಾಮನ್ ಮಷೀನಿಗೆ, ಅಂದರೆ ಲೇಸರ್ ಬಿಟ್ಟು ಕಲ್ಲು ಗುರುತಿಸುವ ಯಂತ್ರಕ್ಕೆ, ಇಟ್ಟೆ. ಎರಡಕ್ಕೂ 1332ರಲ್ಲೇ, ವಜ್ರದ ಗುರುತಿನ ಜಾಗದಲ್ಲೇ, ಗೆರೆ ಬಂತು.

"ಹಾಗಾದ್ರೆ ಎರಡೂ ಗಣಿ ವಜ್ರಾನೇ ಅಲ್ವಾ ಸರ್?" ಮೊಮ್ಮಗಳು ಕೇಳಿದಳು.

ಹಾಗಲ್ಲಮ್ಮ, ಲ್ಯಾಬಿನಲ್ಲಿ ಬೆಳೆಸಿದ ವಜ್ರಕ್ಕೂ ಇದೇ ಗೆರೆ ಬರುತ್ತದೆ. ಈ ಮಾತು ಎಷ್ಟು ಸಲ ಹೇಳಿದ್ದೇನೋ!

ಸರ್ ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ಕೋಲ್ಕತ್ತಾದಲ್ಲಿ ಕಂಡುಕೊಂಡದ್ದನ್ನೇ ನಾವು ದಿನವೂ ಬಳಸುತ್ತೇವೆ. ನನ್ನ ಮಷೀನಿನ ಲೇಸರ್ ಹಸಿರು, 532 ನ್ಯಾನೋಮೀಟರ್. ವಜ್ರಕ್ಕೆ ಬಿದ್ದು ಚದುರುವ ಬೆಳಕು ಹೆಚ್ಚುಕಡಿಮೆ ಎಲ್ಲಾ ಹಸಿರಾಗಿಯೇ ವಾಪಸ್ ಬರುತ್ತದೆ. ಸುಮಾರಾಗಿ ಕೋಟಿಗೊಂದು ಬೆಳಕಿನ ಕಣ ಮಾತ್ರ 573ರ ಹತ್ತಿರ, ಹಳದಿಗೆ ಜಾರುತ್ತದೆ. ಆ ಜಾರಿದ ಅಳತೆಯೇ 1332ರ ಗೆರೆ. ಆ ಕಣ ಕಳಕೊಂಡ ಶಕ್ತಿ ಇಂಗಾಲದ ಪರಮಾಣುಗಳನ್ನು ಅಲುಗಾಡಿಸಲು ಖರ್ಚಾಗಿರುತ್ತದೆ. ಪರಮಾಣುಗಳ ಅಲುಗಾಟ ವಜ್ರದಲ್ಲಿ ಒಂದು ಥರ, ಅಮೆರಿಕನ್ ಡೈಮಂಡಿನಲ್ಲಿ ಇನ್ನೊಂದು ಥರ. ಹಾಗಾಗಿ ನಕಲಿ ಕಲ್ಲು ಕೂಡಲೇ ಸಿಕ್ಕಿಬೀಳುತ್ತದೆ.

ಲ್ಯಾಬಿನಲ್ಲಿ ಬೆಳೆಸಿದ್ದು ನಕಲಿ ಅಲ್ಲ. ಅದೂ ಇಂಗಾಲವೇ, ಪರಮಾಣುಗಳ ಜೋಡಣೆಯೂ ಅದೇ. ಜೋಡಣೆ ಅದೇ ಆದರೆ ಅಲುಗಾಟವೂ ಅದೇ, ಗೆರೆಯೂ ಅದೇ. ಮಂಡ್ಯದ ಸಕ್ಕರೆ, ಬೆಳಗಾವಿಯ ಸಕ್ಕರೆ ನಾಲಗೆಗೆ ಬೇರೆ ಅನ್ನಿಸುತ್ತಾ? ಕಲ್ಲು ಯಾವುದು ಅಂತ ಗೆರೆ ಹೇಳುತ್ತದೆ. ಎಲ್ಲಿ ಹುಟ್ಟಿತು ಅಂತ ಹೇಳುವುದಿಲ್ಲ.

ರಾಮನ್ ಅವರಿಗೆ ವಜ್ರ ಅಂದರೆ ಪ್ರಾಣ. 1933ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದ ಮೇಲೆ, ನೂರಾರು ವಜ್ರ ಕೂಡಿಹಾಕಿ ವರ್ಷಗಟ್ಟಲೆ ಪರೀಕ್ಷಿಸಿದರು. ಆಗ ಅಂಗಡಿಯಲ್ಲಿ ಲ್ಯಾಬ್ ವಜ್ರ ಇರಲಿಲ್ಲ, ಈ ಗೊಂದಲವೂ ಇರಲಿಲ್ಲ.

ಹುಟ್ಟು ತಿಳಿಯಲು ಬೇರೆ ಪರೀಕ್ಷೆಗಳಿವೆ. ಲ್ಯಾಬಿನಲ್ಲಿ ಅನಿಲದಿಂದ ಬೆಳೆಸಿದ ವಜ್ರದಲ್ಲಿ ಸಿಲಿಕಾನ್ ಸೇರಿಕೊಂಡಿದ್ದರೆ ಅದು 737 ನ್ಯಾನೋಮೀಟರಿನಲ್ಲಿ ಮಿನುಗುತ್ತದೆ. ಎಲ್ಲ ಕಲ್ಲಲ್ಲೂ ಸಿಗುವುದಿಲ್ಲ, ಅಪರೂಪಕ್ಕೆ ಗಣಿಯದರಲ್ಲೂ ಕಾಣುತ್ತದೆ. ಅದಕ್ಕೇ ಒಂದೇ ಪರೀಕ್ಷೆ ನಂಬಿ ನಾನು ಸಹಿ ಹಾಕುವುದಿಲ್ಲ. ಕಲ್ಲು ಬೆಳೆದ ಪದರಗಳನ್ನೂ ಅತಿನೇರಳೆ ಬೆಳಕಿನಲ್ಲಿ ನೋಡುತ್ತೇನೆ.

ಉಂಗುರದ ಕಲ್ಲು 737ರಲ್ಲಿ ಮಿನುಗಿತು. ಪದರಗಳೂ ಲ್ಯಾಬಿನವೇ. ಅಜ್ಜಿ ಬಿಲ್ ಕೇಳಿದರು. ಅದರಲ್ಲಿ ಇದ್ದದ್ದು "ಡೈಮಂಡ್, ರಾಮನ್ ಟೆಸ್ಟೆಡ್" ಅಂತ ಅಷ್ಟೇ. ಕೊಟ್ಟಿದ್ದು ಗಣಿ ವಜ್ರದ ಬೆಲೆ. ಹುಡುಗಿ ಅಲ್ಲೇ ಕೂತು ಅಂಗಡಿಗೆ ಫೋನ್ ಹಚ್ಚಿದಳು. ಅಜ್ಜಿ ಓಲೆಯ ತಿರುಪು ಬಿಗಿ ಮಾಡಿಕೊಳ್ಳುತ್ತಾ, "ಹುಟ್ಟಿದ್ದೆಲ್ಲಿ ಅಂತ ಮೊದಲು ಬರೆಸಿಕೋ" ಅಂದರು.