ಬಂಡೆದ್ದ ಮ್ಯಾಸಚೂಸೆಟ್ಸ್‌ಗೆ ಮದ್ದುಗುಂಡು ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಬ್ರಿಟಿಷರ ವಿರುದ್ಧ ಬಂಡೆದ್ದಾಗ ಅಮೆರಿಕದ ವಸಾಹತುಗಳಿಗೆ ಸ್ವಂತ ಸೈನ್ಯವಾಗಲಿ, ಖಜಾನೆಯಾಗಲಿ, ಶಸ್ತ್ರಾಗಾರವಾಗಲಿ ಇರಲಿಲ್ಲವಲ್ಲ? ಹಾಗಾದರೆ ಯುದ್ಧಸಾಮಗ್ರಿಯನ್ನು ಒದಗಿಸಿದವರು ಯಾರು, ಹೇಗೆ?

ಉತ್ತರ: ‘ಸೈನ್ಯ ಇರಲಿಲ್ಲ’ ಎಂಬುದು ಅರ್ಧ ಮಾತ್ರ ನಿಜ. ಹೋರಾಟ ಮೊದಲು ಹೊತ್ತಿಕೊಂಡ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ವಯಸ್ಕ ಗಂಡಸರು ಸ್ವಂತ ಬಂದೂಕು ಇಟ್ಟುಕೊಂಡು ಊರಿನ ಪಡೆಯಲ್ಲಿ ಕವಾಯತು ಮಾಡಬೇಕೆಂಬ ಕಾನೂನು ಬಹಳ ಹಿಂದಿನಿಂದಲೂ ಇತ್ತು. ಊರೂರೂ ತನ್ನ ಪಾಲಿನ ಮದ್ದು, ಸೀಸ, ಚಕಮಕಿ ಕಲ್ಲುಗಳನ್ನು ಇಟ್ಟುಕೊಂಡಿರಬೇಕಿತ್ತು. ಆದರೆ ಈ ಪಡೆಗಳ ಮೇಲಿನ ಅಧಿಕಾರ ರಾಜನು ನೇಮಿಸಿದ ಗವರ್ನರನದು. ಇದ್ದ ಜನರನ್ನು ಮತ್ತು ಇದ್ದ ಸಾಮಾನನ್ನು ಅವನ ಕೈಯಿಂದ ಬಿಡಿಸಿ, ಬೇರೊಂದು ಆಡಳಿತದ ಕೆಳಗೆ ತಂದುಕೊಳ್ಳುವುದೇ ಬಂಡಾಯಗಾರರ ಮೊದಲ ಕೆಲಸವಾಯಿತು.

ಅದಕ್ಕೆ ಅವಸರ ತಂದವನು ಗವರ್ನರ್ ಥಾಮಸ್ ಗೇಜ್. 1774ರ ಸೆಪ್ಟೆಂಬರ್ 1ರ ಮುಂಜಾನೆ ಅವನ ಸಿಪಾಯಿಗಳು ಬಾಸ್ಟನ್ನಿನ ಹೊರವಲಯದಲ್ಲಿದ್ದ ಮದ್ದಿನ ಮನೆಯಿಂದ 250 ಅರೆಪೀಪಾಯಿಗಳಷ್ಟು ಮದ್ದನ್ನು ಸಾಗಿಸಿಕೊಂಡು ಹೋದರು. ಊರುಗಳು ತಮ್ಮ ಪಾಲನ್ನು ಅಷ್ಟರಲ್ಲೇ ಒಯ್ದಿದ್ದವು, ಉಳಿದದ್ದು ಪ್ರಾಂತದ ಸರಕು. ಆದರೂ ಸಾವಿರಾರು ಜನ ಆಯುಧ ಹಿಡಿದು ಬಾಸ್ಟನ್ನಿನತ್ತ ಹೊರಟೇಬಿಟ್ಟರು. ಮರುತಿಂಗಳು, ಗವರ್ನರ್ ರದ್ದುಪಡಿಸಿದ್ದ ಶಾಸನಸಭೆಯ ಸದಸ್ಯರು ಸೇಲಂ ಪಟ್ಟಣದಲ್ಲಿ ತಾವಾಗಿಯೇ ಸೇರಿ, ತಮ್ಮನ್ನು ‘ಪ್ರಾಂತೀಯ ಕಾಂಗ್ರೆಸ್’ ಎಂದು ಕರೆದುಕೊಂಡು, ಜಾನ್ ಹ್ಯಾನ್‌ಕಾಕ್‌ನನ್ನು ಅಧ್ಯಕ್ಷನನ್ನಾಗಿ ಆರಿಸಿಕೊಂಡರು.

ಈ ಸಭೆ ಅಕ್ಟೋಬರ್ 26ರಂದು ಮಾಡಿದ ಏರ್ಪಾಡಿನಲ್ಲೇ ನಿಮ್ಮ ಪ್ರಶ್ನೆಯ ಮುಖ್ಯ ಉತ್ತರವಿದೆ. ಪಡೆಗಳನ್ನು ಕರೆಯುವ ಅಧಿಕಾರವನ್ನು ಸುರಕ್ಷಾ ಸಮಿತಿಗೆ ಕೊಟ್ಟು, ಆ ಪಡೆಗಳಿಗೆ ಬೇಕಾದುದನ್ನು ಕೊಂಡು ಕೂಡಿಡುವ ಹೊಣೆಯನ್ನು ಪ್ರತ್ಯೇಕವಾದ ಸರಬರಾಜು ಸಮಿತಿಗೆ ವಹಿಸಲಾಯಿತು. ಸುರಕ್ಷಾ ಸಮಿತಿಯ ಐವರು ಸೇರಿದರೆ ಆದೇಶ ಹೊರಡಿಸಬಹುದಿತ್ತು. ಆದರೆ ಆ ಐವರಲ್ಲಿ ಬಾಸ್ಟನ್ನಿನವನು ಒಬ್ಬನಿಗಿಂತ ಹೆಚ್ಚು ಇರಕೂಡದು. ಬಾಸ್ಟನ್ನಿನ ಬಿಸಿರಕ್ತದವರು ಇಡೀ ಪ್ರಾಂತವನ್ನು ಯುದ್ಧಕ್ಕೆ ಎಳೆದಾರೆಂಬ ಹಳ್ಳಿಗಾಡಿನ ಭಯ ಈ ಒಂದು ಷರತ್ತಿನಲ್ಲಿ ಎದ್ದು ಕಾಣುತ್ತದೆಂದು ನನಗೆ ತೋರುತ್ತದೆ. ಊರ ಪಡೆಗಳಲ್ಲಿ ಕನಿಷ್ಠ ಕಾಲು ಭಾಗವನ್ನು ಬೇರ್ಪಡಿಸಿ, ಕರೆ ಬಂದ ಗಳಿಗೆಯಲ್ಲೇ ಹೊರಡಬಲ್ಲ ತುಕಡಿಗಳನ್ನಾಗಿ ಮಾಡುವಂತೆಯೂ ಸೂಚಿಸಲಾಯಿತು. ಕೊಳ್ಳಬೇಕಾದುದರ ಪಟ್ಟಿಯಲ್ಲಿ ಫಿರಂಗಿಗಳ ಜೊತೆಗೆ 1,000 ಪೀಪಾಯಿ ಮದ್ದು, 5,000 ಬಂದೂಕು, 75,000 ಚಕಮಕಿ ಕಲ್ಲುಗಳಿದ್ದವು.

ಹಣಕ್ಕೆ ಅವರು ಹೊಸ ತೆರಿಗೆ ಹಾಕಲಿಲ್ಲ. ಜನರು ಹೇಗಿದ್ದರೂ ಕಟ್ಟುತ್ತಿದ್ದ ತೆರಿಗೆಯನ್ನು ಸರ್ಕಾರದ ಖಜಾಂಚಿಯ ಬದಲು ತಾವು ನೇಮಿಸಿದ ಹೆನ್ರಿ ಗಾರ್ಡನರ್‌ಗೆ ತಲುಪಿಸಿ ಎಂದು ಊರುಗಳಿಗೆ ಹೇಳಿದರು. ಬಂಡಾಯವೆಂಬ ಪದ ಬಾಯಿಂದ ಹೊರಡುವ ಮೊದಲೇ ನಡೆದ ನಿಜವಾದ ಬಂಡಾಯ ಇದೇ. ಹಣವೇನೋ ನಿಧಾನವಾಗಿಯೇ ಬಂತು. ಯುದ್ಧ ಆರಂಭವಾದ ಮೇಲೆ, 1775ರ ಮೇ ತಿಂಗಳಲ್ಲಿ, ಒಂದು ಲಕ್ಷ ಪೌಂಡ್ ಸಾಲ ಎತ್ತಲು ತೀರ್ಮಾನಿಸಬೇಕಾಯಿತು.

ಸಾಮಾನು ಬಂದದ್ದು ಹಲವು ದಾರಿಗಳಿಂದ. ಅಮೆರಿಕಕ್ಕೆ ಆಯುಧ ಮತ್ತು ಮದ್ದಿನ ರಫ್ತನ್ನು ಲಂಡನ್ 1774ರ ಅಕ್ಟೋಬರಿನಲ್ಲೇ ನಿಷೇಧಿಸಿತ್ತು. ಸ್ಪೇನಿಗೆ ಒಣಮೀನು ಕಳಿಸುತ್ತಿದ್ದ ಮಾರ್ಬಲ್‌ಹೆಡ್ ಬಂದರಿನ ವರ್ತಕರು ಬಿಲ್ಬಾವೊ ನಗರದ ತಮ್ಮ ಹಳೆಯ ವ್ಯಾಪಾರದ ನಂಟನ್ನೇ ಹಿಡಿದು ಆಯುಧಕ್ಕಾಗಿ ಕೇಳಿ ಬರೆದರು. ಕೂಡಿಬಂದದ್ದನ್ನು ಕಾಂಕಾರ್ಡ್ ಮತ್ತು ವುಸ್ಟರ್ ಊರುಗಳಲ್ಲಿ ದಾಸ್ತಾನು ಮಾಡಿದರು. ಕಾಂಕಾರ್ಡಿನಲ್ಲಿ ಅದರ ಉಸ್ತುವಾರಿ ಕರ್ನಲ್ ಜೇಮ್ಸ್ ಬ್ಯಾರೆಟ್‌ನದು. 1775ರ ಏಪ್ರಿಲ್ 19ರಂದು ಬ್ರಿಟಿಷ್ ತುಕಡಿ ಅಲ್ಲಿಗೆ ಬಂದದ್ದು ಈ ದಾಸ್ತಾನಿಗಾಗಿಯೇ. ಆದರೆ ಬಹುಪಾಲು ಸರಕು ಅಷ್ಟರಲ್ಲಿ ಅಕ್ಕಪಕ್ಕದ ಊರುಗಳಿಗೆ ಚದುರಿಹೋಗಿತ್ತು. ಸಿಕ್ಕಿದ ಮೂರು ದೊಡ್ಡ ಫಿರಂಗಿಗಳನ್ನು ಅವರು ಕೆಡಿಸಿದರು, ಸೀಸದ ಗುಂಡುಗಳನ್ನು ಕೊಳಕ್ಕೆ ಎಸೆದರು.

ಬಟ್ಟೆಬರೆ, ಊಟೋಪಚಾರಗಳ ಮಟ್ಟಿಗೆ ಈ ಊರುಗಳ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಜುಲೈ ತಿಂಗಳಲ್ಲಿ ಸೈನಿಕರಿಗೆ 13,000 ಕೋಟುಗಳು ಬೇಕಾದಾಗ, ಪ್ರತಿ ಊರಿಗೂ ಇಂತಿಷ್ಟೆಂದು ಹಂಚಿ, ಹೊಲಿಸಿ ಕಳಿಸುವಂತೆ ಹೇಳಲಾಯಿತು. ಮದ್ದನ್ನು ಹಾಗೆ ಮನೆಮನೆಯಲ್ಲಿ ತಯಾರಿಸಲಾಗದು. ಅದರ ಮುಖ್ಯ ಘಟಕವಾದ ಪೆಟ್ಲುಪ್ಪು ಬ್ರಿಟನ್ನಿಗೆ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ನಮ್ಮ ಬಿಹಾರದಿಂದ ಹೋಗುತ್ತಿತ್ತು. ಅಮೆರಿಕನ್ನರಿಗೆ ಅಂಥ ಮೂಲವಿರಲಿಲ್ಲ. ಕೊಟ್ಟಿಗೆಗಳ ಮಣ್ಣನ್ನು ತೊಳೆದು ಕುದಿಸಿ ಪೆಟ್ಲುಪ್ಪು ತೆಗೆಯುವ ವಿಧಾನವನ್ನು ಅಚ್ಚು ಹಾಕಿಸಿ ಹಂಚಬೇಕಾಯಿತು. ಜೂನ್ 17ರ ಬಂಕರ್ ಹಿಲ್ ಕದನದಲ್ಲಿ ಅವರು ಗುಡ್ಡ ಬಿಟ್ಟು ಇಳಿಯಬೇಕಾದದ್ದಕ್ಕೆ ಮದ್ದು ಮುಗಿದದ್ದೇ ದೊಡ್ಡ ಕಾರಣ.

ಸಮಿತಿಗಳ ಆಡಳಿತದ ದೌರ್ಬಲ್ಯ ಬಯಲಾದದ್ದೂ ಇಲ್ಲೇ. ಜುಲೈ ಆರಂಭದಲ್ಲಿ ಸೇನಾಧಿಪತ್ಯ ವಹಿಸಿಕೊಂಡ ಜಾರ್ಜ್ ವಾಷಿಂಗ್ಟನ್‌ಗೆ ಪ್ರಾಂತದ ಬಳಿ ಮುನ್ನೂರಕ್ಕೂ ಹೆಚ್ಚು ಪೀಪಾಯಿ ಮದ್ದಿದೆಯೆಂಬ ಲೆಕ್ಕ ಸಿಕ್ಕಿತ್ತು. ಆಗಸ್ಟಿನಲ್ಲಿ ವಿಚಾರಿಸಿದಾಗ, ಅದು ಅಲ್ಲಿಯವರೆಗೆ ಕೂಡಿಸಿದ್ದ ಒಟ್ಟು ಮದ್ದಿನ ಲೆಕ್ಕವೆಂದೂ, ಖರ್ಚಾದದ್ದನ್ನು ಯಾರೂ ಕಳೆದೇ ಇರಲಿಲ್ಲವೆಂದೂ ತಿಳಿಯಿತು. ಉಳಿದಿದ್ದದ್ದು 36 ಪೀಪಾಯಿ. ನೆರೆಯ ವಸಾಹತುಗಳ ದಾಸ್ತಾನು ಸೇರಿಸಿದರೂ ಒಬ್ಬೊಬ್ಬ ಸಿಪಾಯಿಗೆ ಒಂಬತ್ತು ಸುತ್ತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಸುದ್ದಿ ಕೇಳಿದ ವಾಷಿಂಗ್ಟನ್ ಅರ್ಧ ಗಂಟೆ ಮಾತೇ ಆಡಲಿಲ್ಲವೆಂದು ಜನರಲ್ ಸಲ್ಲಿವನ್ ಬರೆದಿದ್ದಾನೆ.

ಫಿರಂಗಿಗಳ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಮೇ 3ರಂದು ಸುರಕ್ಷಾ ಸಮಿತಿಯು ಬೆನೆಡಿಕ್ಟ್ ಆರ್ನಲ್ಡ್‌ನಿಗೆ 100 ಪೌಂಡ್ ಹಣ, 10 ಕುದುರೆ, ಒಂದಿಷ್ಟು ಮದ್ದು ಮತ್ತು ಸೀಸ ಕೊಟ್ಟು ಬ್ರಿಟಿಷರ ವಶದಲ್ಲಿದ್ದ ಟೈಕಾಂಡರೋಗ ಕೋಟೆಯತ್ತ ಕಳಿಸಿತು. ಅದೇ ಗುರಿಯಿಟ್ಟು ಹೊರಟಿದ್ದ ಈಥನ್ ಅಲೆನ್‌ನ ತಂಡದೊಡನೆ ಸೇರಿ ಅವನು ಮೇ 10ರಂದು ಕೋಟೆ ಹಿಡಿದ. ಆ ಚಳಿಗಾಲದಲ್ಲಿ ವಾಷಿಂಗ್ಟನ್‌ನ ಫಿರಂಗಿ ಪಡೆಯ ಅಧಿಕಾರಿ ಹೆನ್ರಿ ನಾಕ್ಸ್ ಅಲ್ಲಿಂದ ಸುಮಾರು 60 ಟನ್ ತೂಕದ ಫಿರಂಗಿಗಳನ್ನು ಎತ್ತು ಮತ್ತು ಕುದುರೆಗಳು ಎಳೆಯುವ ಜಾರುಬಂಡಿಗಳ ಮೇಲೆ ಹಿಮದಲ್ಲಿ ಸಾಗಿಸಿ ತಂದ. 1776ರ ಮಾರ್ಚಿನಲ್ಲಿ ಅವು ಬಾಸ್ಟನ್ ನಗರ ಮತ್ತು ಬಂದರಿಗೆ ಎದುರಾಗಿದ್ದ ಡಾರ್ಚೆಸ್ಟರ್ ದಿಬ್ಬವನ್ನೇರಿದ ಮೇಲೆ ಬ್ರಿಟಿಷರು ಮಾರ್ಚ್ 17ರಂದು ಬಾಸ್ಟನ್ ತೊರೆದು ಹಡಗು ಹತ್ತಿದರು.

ನಗರ ಕೈಬಿಟ್ಟ ಸುದ್ದಿ ತಿಳಿಯದ ‘ಹೋಪ್’ ಎಂಬ ಬ್ರಿಟಿಷ್ ಸರಕು ಹಡಗು ಮೇ 17ರಂದು ಬಾಸ್ಟನ್ನಿನತ್ತ ಬರುತ್ತಿದ್ದಾಗ, ಮಾರ್ಬಲ್‌ಹೆಡ್‌ನ ಜೇಮ್ಸ್ ಮಗ್‌ಫರ್ಡ್ ಎಂಬ ಕಪ್ತಾನ ಅದನ್ನು ಸೆರೆಹಿಡಿದ. ಅದರಲ್ಲಿದ್ದದ್ದು 1,500 ಪೀಪಾಯಿ ಮದ್ದು. ಪ್ರಾಂತೀಯ ಕಾಂಗ್ರೆಸ್ ತನ್ನ ಮೊದಲ ಪಟ್ಟಿಯಲ್ಲಿ ಬರೆದುಕೊಂಡಿದ್ದಕ್ಕಿಂತ 500 ಹೆಚ್ಚು.